ವಯಸ್ಕರ ಈಜುಕೂಟ: ಎಷ್ಟು ಸ್ಪರ್ಧೆಗೆ ಹೆಸರು ಕೊಡಬೇಕು?

ಮಾಸ್ಟರ್ಸ್ ಈಜುಕೂಟದ ಸುತ್ತೋಲೆ ಕೈಸೇರಿದ ಕೂಡಲೇ ದಾವಣಗೆರೆ, ಚಿತ್ರದುರ್ಗದ ಕಡೆಯ ಈಜುಗಾರರಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಕಾಣಿಸುತ್ತವೆ. ಕೆಲವರು ಅರ್ಜಿಯಲ್ಲಿರುವ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತ, ತಮಗೆ ಬರುವ ಶೈಲಿಗಳಿಗೆಲ್ಲ ಗುರುತು ಹಾಕಿಬಿಡುತ್ತಾರೆ. ಇನ್ನು ಕೆಲವರು ಅಳುಕಿನಿಂದ 50 ಮೀಟರ್ ಫ್ರೀಸ್ಟೈಲ್ ಒಂದಕ್ಕೇ ಹೆಸರು ಕೊಟ್ಟು, ಅಷ್ಟು ದೂರ ಹೋಗಿ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಈಜಿ, ಉಳಿದ ದಿನವನ್ನು ಗ್ಯಾಲರಿಯಲ್ಲಿ ಕುಳಿತು ಕಳೆಯುತ್ತಾರೆ. ಎರಡೂ ನಿರ್ಧಾರಗಳಲ್ಲಿ ಲೆಕ್ಕಾಚಾರ ಇರುವುದಿಲ್ಲ. ಎಷ್ಟು ಸ್ಪರ್ಧೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸಬೇಕಾದದ್ದು ಒಂದು ಈಜಿಗೂ ಮುಂದಿನ ಈಜಿಗೂ ನಡುವೆ ನಮಗೆ ಸಿಗುವ ಬಿಡುವು. ಆ ಬಿಡುವನ್ನು ಮನೆಯಲ್ಲಿ ಕುಳಿತೇ ಸಾಕಷ್ಟು ಸರಿಯಾಗಿ ಅಂದಾಜು ಮಾಡಬಹುದು. ಹಾಗೆ ಮಾಡುವ ಕ್ರಮವನ್ನು, ಅದರ ಜೊತೆಗೆ ಗಮನಿಸಬೇಕಾದ ಇತರ ಸಂಗತಿಗಳನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಕೂಟದ ಸ್ವರೂಪ ಸ್ಪಷ್ಟವಾಗಿರಬೇಕು. ಮಾಸ್ಟರ್ಸ್ ವಿಭಾಗದಲ್ಲಿ 25ರಿಂದ 29, 30ರಿಂದ 34 ಎಂಬಂತೆ ಐದೈದು ವರ್ಷಗಳ ವಯೋಗುಂಪುಗಳಿರುತ್ತವೆ. ಈಜಿನ ಅಂತರರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಅಕ್ವಾಟಿಕ್ಸ್ ನಿಯಮದಂತೆ ಕೂಟ ನಡೆಯುವ ವರ್ಷದ ಡಿಸೆಂಬರ್ 31ಕ್ಕೆ ನಮಗೆ ಎಷ್ಟು ವಯಸ್ಸಾಗುತ್ತದೆಯೋ ಅದರ ಮೇಲೆ ಗುಂಪು ನಿರ್ಧಾರವಾಗುತ್ತದೆ. ಅದೇ ನಿಯಮಾವಳಿಯಲ್ಲಿ ಮಾಸ್ಟರ್ಸ್ ಸ್ಪರ್ಧೆಗಳೆಲ್ಲ ಟೈಮ್ಡ್ ಫೈನಲ್ ಕ್ರಮದಲ್ಲಿ ನಡೆಯುತ್ತವೆ. ಅಂದರೆ ಹೀಟ್ಸ್ ಎಂಬ ಅರ್ಹತಾ ಸುತ್ತು, ಸೆಮಿಫೈನಲ್, ಫೈನಲ್ ಎಂದು ಮೂರು ಸಲ ಈಜಬೇಕಿಲ್ಲ. ಒಂದೇ ಸಲ ಈಜಿದಾಗ ದಾಖಲಾದ ಸಮಯವೇ ಸ್ಥಾನವನ್ನು ನಿರ್ಧರಿಸುತ್ತದೆ. ಸ್ಥಳೀಯವಾಗಿ ನಡೆಯುವ ಕೆಲವು ಮುಕ್ತ ಕೂಟಗಳಲ್ಲಿ ವಯಸ್ಕರಿಗೂ ಹೀಟ್ಸ್ ಮತ್ತು ಫೈನಲ್ ಬೇರೆಬೇರೆ ಇರಬಹುದು. ಹಾಗಿದ್ದರೆ ಮೂರು ಸ್ಪರ್ಧೆ ಎಂದು ಬರೆದದ್ದು ಆರು ಈಜಾಗುವ ಸಾಧ್ಯತೆ ಇರುವುದರಿಂದ, ಸುತ್ತೋಲೆಯಲ್ಲಿ ಈ ಸಾಲನ್ನು ಹುಡುಕಿ ಓದಬೇಕು. ಒಬ್ಬರು ಗರಿಷ್ಠ ಎಷ್ಟು ವೈಯಕ್ತಿಕ ಸ್ಪರ್ಧೆಗಳಿಗೆ ಹೆಸರು ಕೊಡಬಹುದು ಎಂಬುದೂ ಅಲ್ಲಿಯೇ ಇರುತ್ತದೆ. ವಿಶ್ವ ಮಾಸ್ಟರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಆ ಮಿತಿ ಐದು. ಆದರೆ ಮಿತಿ ಎಂಬುದು ಸಂಘಟಕರ ಅನುಕೂಲಕ್ಕೆ ಇರುವ ಸಂಖ್ಯೆ. ನಮ್ಮ ದೇಹಕ್ಕೆ ಎಷ್ಟು ತಕ್ಕದ್ದು ಎಂಬುದನ್ನು ಅದು ಹೇಳುವುದಿಲ್ಲ.

ಹೆಚ್ಚು ಸ್ಪರ್ಧೆಗೆ ಹೆಸರು ಕೊಡುವವರು ತಮ್ಮ ಸಮರ್ಥನೆಗೆ ಮೈಕಲ್ ಫೆಲ್ಪ್ಸ್ ಹೆಸರನ್ನು ತರುವುದುಂಟು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಎಂಟು ಚಿನ್ನದ ಪದಕಗಳಿಗಾಗಿ 17 ಸಲ ನೀರಿಗಿಳಿದರು ಎಂಬುದು ನಿಜ. ಆದರೆ ಆ 17 ಈಜುಗಳು ಹರಡಿಕೊಂಡಿದ್ದದ್ದು ಒಂಬತ್ತು ದಿನಗಳ ಮೇಲೆ, ಅಂದರೆ ಸರಾಸರಿ ದಿನಕ್ಕೆ ಎರಡು. ನಮ್ಮ ವಯಸ್ಕರ ಕೂಟಗಳಾದರೋ ಎರಡು ಅಥವಾ ಮೂರು ದಿನಗಳಲ್ಲಿ ಮುಗಿಯುತ್ತವೆ. ಶನಿವಾರ ಬೆಳಿಗ್ಗೆ ಮೂರು, ಮಧ್ಯಾಹ್ನ ಎರಡು ಎಂದು ಹೆಸರು ಕೊಟ್ಟ ಐವತ್ತರ ಹರೆಯದ ಅಂಗಡಿ ಮಾಲೀಕರು, ದಿನದ ಸಂಖ್ಯೆಯಲ್ಲಿ ಮಾತ್ರ ನೋಡಿದರೆ, ಫೆಲ್ಪ್ಸ್‌ಗಿಂತ ಹೆಚ್ಚಿನ ಹೊರೆಯನ್ನು ಹೊತ್ತುಕೊಂಡಿರುತ್ತಾರೆ. ಇದನ್ನು ನಾನು ಹೇಳುವುದು ಯಾರನ್ನೂ ಹಿಂಜರಿಸಲಿಕ್ಕಲ್ಲ. ಚಟುವಟಿಕೆ ಕಡಿಮೆಯಾಗುವ ವಯಸ್ಸಿನಲ್ಲಿ ಈಜುಕೂಟಕ್ಕೆ ಹೊರಡುವ ಪ್ರತಿಯೊಬ್ಬರ ಬಗ್ಗೆಯೂ ನನಗೆ ಗೌರವವಿದೆ. ಅವರು ಈಜುವ ಪ್ರತಿ ಸ್ಪರ್ಧೆಯೂ ಅವರ ಅಭ್ಯಾಸಕ್ಕೆ ತಕ್ಕ ಫಲ ಕೊಡಬೇಕು ಎಂಬುದಷ್ಟೇ ನನ್ನ ಕಾಳಜಿ.

ಬಿಡುವು ಏಕೆ ಅಷ್ಟು ಮುಖ್ಯ ಎಂದು ತಿಳಿಯಲು ದೇಹದಲ್ಲಿ ನಡೆಯುವುದನ್ನು ಸ್ವಲ್ಪ ನೋಡಬೇಕು. 50 ಮೀಟರ್‌ನಂಥ ಚಿಕ್ಕ ಸ್ಪರ್ಧೆಯ ಮೊದಲ ಕೆಲವು ಸೆಕೆಂಡ್‌ಗಳಿಗೆ ಬೇಕಾದ ಶಕ್ತಿ ಸ್ನಾಯುಗಳಲ್ಲಿ ಸಿದ್ಧವಾಗಿರುವ ಕ್ರಿಯಾಟಿನ್ ಫಾಸ್ಫೇಟ್‌ನಿಂದ ಬರುತ್ತದೆ. ಅದು ಖಾಲಿಯಾದರೂ ಕೆಲವು ನಿಮಿಷಗಳಲ್ಲಿ ಬಹುಪಾಲು ಮತ್ತೆ ತುಂಬಿಕೊಳ್ಳುತ್ತದೆ. ಈಜು 100, 200 ಮೀಟರ್‌ಗೆ ಬೆಳೆದಂತೆ ಸ್ನಾಯುಗಳು ಗ್ಲೈಕೋಜನ್ ಅನ್ನು ವೇಗವಾಗಿ ಒಡೆದು ಬಳಸತೊಡಗುತ್ತವೆ; ಆಗ ಲ್ಯಾಕ್ಟೇಟ್ ಸಂಗ್ರಹವಾಗುತ್ತದೆ, ಸ್ನಾಯುವಿನಲ್ಲಿ ಆಮ್ಲೀಯತೆ ಹೆಚ್ಚುತ್ತದೆ, ಕೈ ಭಾರವಾಗಿ ಸ್ಟ್ರೋಕ್ ಚಿಕ್ಕದಾಗುತ್ತದೆ. ರಕ್ತದಲ್ಲಿ ಲ್ಯಾಕ್ಟೇಟ್ ಅತಿ ಹೆಚ್ಚಾಗುವುದು ಗೋಡೆ ಮುಟ್ಟಿದ ಕ್ಷಣದಲ್ಲಲ್ಲ, ಅದಾದ ಕೆಲವು ನಿಮಿಷಗಳ ನಂತರ. ಸುಮ್ಮನೆ ಕುಳಿತಿದ್ದರೆ ಅದು ಅರ್ಧಕ್ಕೆ ಇಳಿಯಲು ಸುಮಾರು 20 ನಿಮಿಷ ಬೇಕು. ನಿಧಾನವಾಗಿ ಈಜುತ್ತಲೋ ನಡೆಯುತ್ತಲೋ ಇದ್ದರೆ ಬೇಗ ಇಳಿಯುತ್ತದೆ. ಆದ್ದರಿಂದ 100 ಮೀಟರ್ ಅನ್ನು ಪೂರ್ತಿ ಬಲದಿಂದ ಈಜಿ, ಕಾಲು ಗಂಟೆಯೊಳಗೆ ಮತ್ತೊಂದು 100 ಮೀಟರ್‌ಗೆ ಆರಂಭದ ಬ್ಲಾಕ್ ಮೇಲೆ ನಿಂತರೆ ಎರಡನೆಯದನ್ನು ದಣಿದ ಸ್ನಾಯುಗಳಲ್ಲೇ ಆರಂಭಿಸಿದಂತಾಗುತ್ತದೆ. ನನ್ನ ಅಂದಾಜಿನಲ್ಲಿ 50 ಮೀಟರ್ ನಂತರ ಕನಿಷ್ಠ 20 ನಿಮಿಷ, 100ರ ನಂತರ 40 ನಿಮಿಷ, 200ರ ನಂತರ ಒಂದು ಗಂಟೆ ಬಿಡುವು ಇರಲೇಬೇಕು. 400 ಮೀಟರ್ ಮತ್ತು ಅದಕ್ಕಿಂತ ದೀರ್ಘ ಸ್ಪರ್ಧೆಯ ನಂತರ ಆ ಅಧಿವೇಶನದಲ್ಲಿ, ಅಂದರೆ ಬೆಳಗಿನ ಅಥವಾ ಮಧ್ಯಾಹ್ನದ ಆ ಸರದಿಯಲ್ಲಿ, ಬೇರೇನೂ ಇಟ್ಟುಕೊಳ್ಳದಿರುವುದೇ ಲೇಸು. ಐವತ್ತು ದಾಟಿದವರು ಈ ಅಂಕಿಗಳಿಗೆ ಇನ್ನೂ ಸ್ವಲ್ಪ ಸೇರಿಸಿಕೊಳ್ಳುವುದು ಒಳ್ಳೆಯದು.

ಈಗ ಬಿಡುವನ್ನು ಲೆಕ್ಕ ಹಾಕುವ ಕ್ರಮಕ್ಕೆ ಬರೋಣ. ಇದಕ್ಕೆ ಬೇಕಾದದ್ದು ಸ್ಪರ್ಧೆಗಳ ಕ್ರಮಪಟ್ಟಿ, ಹಾಗೂ ಸಿಕ್ಕರೆ ಅದೇ ಕೂಟದ ಹಿಂದಿನ ವರ್ಷದ ಫಲಿತಾಂಶದ ಹಾಳೆ. ಫಲಿತಾಂಶದ ಹಾಳೆಯಿಂದ ಪ್ರತಿ ಸ್ಪರ್ಧೆಯಲ್ಲಿ ಎಷ್ಟು ಜನ ಈಜಿದ್ದರು ಎಂದು ತಿಳಿಯುತ್ತದೆ. ಎಂಟು ಲೇನ್‌ಗಳ ಕೊಳವಾದರೆ ಆ ಸಂಖ್ಯೆಯನ್ನು ಎಂಟರಿಂದ ಭಾಗಿಸಿ, ವಯೋಗುಂಪುಗಳು ಬೇರೆಬೇರೆ ಇರುವುದರಿಂದ ಕೆಲವು ಲೇನ್‌ಗಳು ಖಾಲಿ ಉಳಿಯುತ್ತವೆ ಎಂಬುದನ್ನು ಗಮನದಲ್ಲಿಟ್ಟು ಸ್ವಲ್ಪ ಸೇರಿಸಿದರೆ ಹೀಟ್‌ಗಳ, ಅಂದರೆ ಒಟ್ಟಿಗೆ ನೀರಿಗಿಳಿಯುವ ಗುಂಪುಗಳ, ಸಂಖ್ಯೆ ಸಿಗುತ್ತದೆ. ಒಂದು ಹೀಟ್‌ಗೆ ಹಿಡಿಯುವ ಸಮಯ ಎಂದರೆ ಅದರಲ್ಲಿ ಅತಿ ನಿಧಾನವಾಗಿ ಈಜುವವರ ಸಮಯ ಮತ್ತು ಮುಂದಿನವರು ಬ್ಲಾಕ್ ಏರಲು ಬೇಕಾಗುವ ಸುಮಾರು ಒಂದು ನಿಮಿಷ. ಹೀಗೆ 50 ಮೀಟರ್‌ಗೆ ಹೀಟ್‌ಗೆ ಎರಡು ನಿಮಿಷ, 100 ಮೀಟರ್‌ಗೆ ಮೂರು ನಿಮಿಷ, 200 ಮೀಟರ್‌ಗೆ ಐದರಿಂದ ಆರು ನಿಮಿಷ ಎಂದು ಹಿಡಿದರೆ ವಯಸ್ಕರ ಕೂಟಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಮಹಿಳೆಯರದೂ ಪುರುಷರದೂ ಸೇರಿ 20 ಹೀಟ್‌ಗಳಿರುವ 50 ಮೀಟರ್ ಫ್ರೀಸ್ಟೈಲ್ 40 ನಿಮಿಷ ನಡೆಯುತ್ತದೆ. ಎಂಟೇ ಹೀಟ್‌ಗಳಿರುವ 100 ಮೀಟರ್ ಬ್ಯಾಕ್‌ಸ್ಟ್ರೋಕ್ 24 ನಿಮಿಷಗಳಲ್ಲಿ ಮುಗಿಯುತ್ತದೆ.

ವಯೋಗುಂಪುಗಳು ಪ್ರತಿ ಸ್ಪರ್ಧೆಯಲ್ಲೂ ಒಂದೇ ಕ್ರಮದಲ್ಲಿ ಬರುವ ಕೂಟಗಳಲ್ಲಿ ನಮ್ಮ ಹೀಟ್ ಪ್ರತಿ ಸ್ಪರ್ಧೆಯ ಸರಿಸುಮಾರು ಅದೇ ಜಾಗದಲ್ಲಿರುತ್ತದೆ. ನೀವು 45ರಿಂದ 49ರ ಗುಂಪಿನವರಾಗಿದ್ದು, ನಿಮ್ಮ ಹೀಟ್ ಸ್ಪರ್ಧೆಯ ನಡುಮಧ್ಯದಲ್ಲಿ ಬರುತ್ತದೆ ಎಂದುಕೊಳ್ಳಿ. ಮೇಲಿನ 50 ಮೀಟರ್ ಫ್ರೀಸ್ಟೈಲ್‌ನ ಬೆನ್ನಿಗೇ ಆ ಬ್ಯಾಕ್‌ಸ್ಟ್ರೋಕ್ ಇದ್ದರೆ, ನಿಮಗೆ ಸಿಗುವ ಅಂತರ ಮೊದಲನೆಯದರ ಉಳಿದ ಅರ್ಧ ಮತ್ತು ಎರಡನೆಯದರ ಮೊದಲ ಅರ್ಧ, ಅಂದರೆ 20 ಮತ್ತು 12 ಸೇರಿ 32 ನಿಮಿಷ. ನಡುವೆ ಇನ್ನೊಂದು ಸ್ಪರ್ಧೆ ಇದ್ದರೆ ಅದರ ಪೂರ್ತಿ ಅವಧಿ ಇದಕ್ಕೆ ಸೇರುತ್ತದೆ. ಇಲ್ಲಿಯೇ ಬಹಳ ಜನ ಎಡವುವುದು: ಪಟ್ಟಿಯಲ್ಲಿ ನಡುವೆ ಒಂದು ಸ್ಪರ್ಧೆ ಇದೆ ಎಂದ ಮಾತ್ರಕ್ಕೆ ಧಾರಾಳ ಬಿಡುವು ಸಿಕ್ಕಿತೆಂದು ಭಾವಿಸುತ್ತಾರೆ. ಆ ನಡುವಿನ ಸ್ಪರ್ಧೆ 200 ಮೀಟರ್ ಬಟರ್‌ಫ್ಲೈ ಆಗಿದ್ದರೆ ಅದಕ್ಕೆ ಹೆಸರು ಕೊಡುವವರೇ ಕಡಿಮೆ; ಬೇರೆಬೇರೆ ವಯೋಗುಂಪಿನವರನ್ನು ಒಂದೇ ಹೀಟ್‌ನಲ್ಲಿ ಸೇರಿಸಿ ಕಾಲು ಗಂಟೆಯೊಳಗೆ ಮುಗಿಸಿಬಿಡುವುದುಂಟು. ದೂರ ಹೆಚ್ಚಿದ್ದ ಮಾತ್ರಕ್ಕೆ ಸ್ಪರ್ಧೆಯ ಅವಧಿಯೂ ಹೆಚ್ಚಿರುತ್ತದೆ ಎಂದುಕೊಳ್ಳಬಾರದು.

ಹೀಗೆ ಬಂದ ಅಂತರದಲ್ಲಿಯೂ ಎಲ್ಲವೂ ವಿಶ್ರಾಂತಿಯಲ್ಲ. ಈಜಿ ಮುಗಿಸಿ ಕೊಳದಿಂದ ಹೊರಬಂದು ಸಮಯ ವಿಚಾರಿಸಿ ಟವೆಲ್ ಹೊದ್ದುಕೊಳ್ಳುವಷ್ಟರಲ್ಲಿ ಐದು ನಿಮಿಷ ಹೋಗುತ್ತದೆ. ಮುಂದಿನ ಸ್ಪರ್ಧೆಗೆ ಹತ್ತು ಹದಿನೈದು ನಿಮಿಷ ಮೊದಲೇ ಕರೆದು ಸಾಲಾಗಿ ಕೂರಿಸುತ್ತಾರೆ. 32 ನಿಮಿಷದ ಅಂತರದಲ್ಲಿ ನಿಜವಾಗಿ ನಮ್ಮ ಕೈಯಲ್ಲಿ ಉಳಿಯುವುದು ಒಂದು ಹದಿನೈದು ನಿಮಿಷ ಮಾತ್ರ. ಮೇಲೆ ನಾನು ಹೇಳಿದ 20, 40 ಮತ್ತು 60 ನಿಮಿಷಗಳು ಗೋಡೆ ಮುಟ್ಟಿದ್ದರಿಂದ ಮುಂದಿನ ಆರಂಭದವರೆಗಿನ ಒಟ್ಟು ಅಂತರದ ಲೆಕ್ಕ. ಆ ಅಂತರ ಸಿಗದ ಜೋಡಿಯಲ್ಲಿ ಒಂದನ್ನು ಅರ್ಜಿ ತುಂಬುವಾಗಲೇ ಬಿಟ್ಟುಬಿಡಬೇಕು.

ಬಿಡುವು ಸಾಕಷ್ಟಿದ್ದರೂ ದಿನದ ಒಟ್ಟು ಹೊರೆಗೆ ಒಂದು ಮಿತಿ ಬೇಕು. ಸ್ಪರ್ಧೆಗಳ ಸಂಖ್ಯೆಯನ್ನಷ್ಟೇ ಎಣಿಸಿದರೆ ಮೂರು 50 ಮೀಟರ್‌ಗಳೂ ಮೂರು 200 ಮೀಟರ್‌ಗಳೂ ಒಂದೇ ಎಂದಾಗುತ್ತದೆ. ಅದಕ್ಕಾಗಿ ನಾನು ಪ್ರತಿ ಸ್ಪರ್ಧೆಗೂ ಒಂದು ಅಂಕ ಕೊಟ್ಟು ಕೂಡಿಸುವುದನ್ನು ಸೂಚಿಸುತ್ತೇನೆ: 50 ಮೀಟರ್‌ಗೆ ಒಂದು, 100ಕ್ಕೆ ಎರಡು, 200ಕ್ಕೆ ಮೂರು, 400 ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ ನಾಲ್ಕು. ಬಟರ್‌ಫ್ಲೈ ಆಗಿದ್ದರೆ ಇನ್ನೊಂದು ಅಂಕ ಸೇರಿಸಿ. ನಾಲ್ಕೂ ಶೈಲಿಗಳನ್ನು ಒಬ್ಬರೇ ಈಜುವ, ಮೊದಲ ಭಾಗವೇ ಬಟರ್‌ಫ್ಲೈ ಆಗಿರುವ 200 ಮೀಟರ್ ಇಂಡಿವಿಜುವಲ್ ಮೆಡ್ಲೆಗೂ ಹಾಗೆಯೇ ನಾಲ್ಕು ಕೊಡಿ. ಮೊದಲ ಬಾರಿಗೆ ಕೂಟಕ್ಕೆ ಹೋಗುವವರ ದಿನದ ಮೊತ್ತ ನಾಲ್ಕನ್ನು ದಾಟಬಾರದು. ವಾರಕ್ಕೆ ಮೂರು ದಿನ ತಪ್ಪದೆ ಅಭ್ಯಾಸ ಮಾಡಿ, ಹಿಂದೆ ಕೂಟಗಳಲ್ಲಿ ಈಜಿ ಅಭ್ಯಾಸವಿರುವವರಿಗೆ ಆರು ತಕ್ಕದ್ದು. ವಾರಕ್ಕೆ ಐದು ದಿನ ಗಂಭೀರವಾಗಿ ಈಜುವವರು ಎಂಟರವರೆಗೆ ಹೋಗಬಹುದು. ಕೂಟ ಎರಡು ದಿನವಿದ್ದರೆ ಎರಡನೆಯ ದಿನದ ಮೊತ್ತ ಒಂದೆರಡು ಅಂಕ ಕಡಿಮೆಯಿರಲಿ, ಏಕೆಂದರೆ ಮೊದಲ ದಿನದ ಸ್ನಾಯುನೋವು ಮರುದಿನ ಬೆಳಿಗ್ಗೆಯೇ ತಿಳಿಯುವುದು. ಈ ಅಂಕಗಳು ನನ್ನ ಅಂದಾಜೇ ಹೊರತು ಯಾವುದೇ ಸಂಸ್ಥೆಯ ನಿಯಮವಲ್ಲ. ಆದರೂ ಹೀಗೆ ಬರೆದು ಕೂಡಿಸಿ ನೋಡಿದರೆ, ಐದು ಸ್ಪರ್ಧೆಗಳಿಗೆ ಉತ್ಸಾಹದಿಂದ ಗುರುತು ಹಾಕಿದವರಿಗೆ ಅದು 11 ಅಂಕದ ಹೊರೆ ಎಂದು ಕಣ್ಣಿಗೆ ಕಾಣುತ್ತದೆ.

ಯಾವ ಶೈಲಿಯ ಪಕ್ಕದಲ್ಲಿ ಯಾವುದು ಎಂಬುದೂ ಸಂಖ್ಯೆಯಷ್ಟೇ ಮುಖ್ಯ. ಬಟರ್‌ಫ್ಲೈ ಮತ್ತು ಫ್ರೀಸ್ಟೈಲ್ ಎರಡೂ ಭುಜದ ಮೇಲೆ ಭಾರ ಹಾಕುವುದರಿಂದ 100 ಮೀಟರ್ ಬಟರ್‌ಫ್ಲೈ ಮುಗಿಸಿದ ಮೇಲೆ ಬರುವ ಫ್ರೀಸ್ಟೈಲ್‌ನಲ್ಲಿ ಒಳ್ಳೆಯ ಸಮಯ ಬರುವುದು ಅಪರೂಪ. ಬ್ರೆಸ್ಟ್‌ಸ್ಟ್ರೋಕ್ ಒದೆತದ ಒತ್ತಡ ಬೀಳುವುದು ಮೊಣಕಾಲಿನ ಒಳಬದಿಗೆ ಮತ್ತು ತೊಡೆಸಂದಿಗೆ. ಅದರ ನಂತರ ಬ್ಯಾಕ್‌ಸ್ಟ್ರೋಕ್ ಬಂದರೆ ದೇಹ ಅಷ್ಟಾಗಿ ತಕರಾರು ಮಾಡುವುದಿಲ್ಲ. ಮೊಣಕಾಲಿನ ಸವೆತದ ತೊಂದರೆ ಇರುವವರು 50 ಮತ್ತು 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಎರಡಕ್ಕೂ ಒಂದೇ ದಿನ ಹೆಸರು ಕೊಡದಿರುವುದು ಕ್ಷೇಮ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಈಜು ಕಲಿತ ಹಿರಿಯರಲ್ಲಿ ಹೆಚ್ಚಿನವರು ತೋಟದ ಬಾವಿಯಲ್ಲಿ, ಕೆರೆಯಲ್ಲಿ, ಭದ್ರಾ ಕಾಲುವೆಯಲ್ಲಿ ಕಲಿತವರು. ಅವರಿಗೆ ನೀರಿನ ಭಯವಿಲ್ಲ, ದಮ್ಮೂ ಇರುತ್ತದೆ. ಆದರೆ ಸ್ಪರ್ಧೆಯ ನಿಯಮಗಳು ಬೇರೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕಾಲು ಒಂದೇ ರೀತಿ ಚಲಿಸಬೇಕು, ಒಂದು ಕಾಲು ಕತ್ತರಿಯಂತೆ ಅಡ್ಡ ಹೋದರೆ ಅನರ್ಹತೆ. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈ ಎರಡರಲ್ಲೂ ತಿರುವಿನಲ್ಲಿ ಹಾಗೂ ಕೊನೆಯಲ್ಲಿ ಎರಡೂ ಕೈಗಳಿಂದ ಒಟ್ಟಿಗೆ ಗೋಡೆ ಮುಟ್ಟಬೇಕು. ಅನರ್ಹವಾದ ಈಜು ದೇಹದಿಂದ ಪೂರ್ತಿ ಬೆಲೆ ತೆತ್ತುಕೊಂಡು ಸಮಯವನ್ನೂ ಕೊಡದೆ ಹೋಗುತ್ತದೆ. ಆದುದರಿಂದ ನಿಯಮ ಬಲ್ಲ ಕೋಚ್ ಒಬ್ಬರು ನೋಡಿ ಸರಿಯೆಂದು ಹೇಳದ ಶೈಲಿಯನ್ನು ಎಣಿಕೆಗೇ ತೆಗೆದುಕೊಳ್ಳಬಾರದು. ಇದರ ಜೊತೆಗೆ ಮಾಸ್ಟರ್ಸ್ ನಿಯಮಾವಳಿ ಎರಡು ರಿಯಾಯಿತಿಗಳನ್ನು ಕೊಡುತ್ತದೆ ಎಂಬುದೂ ಗೊತ್ತಿರಲಿ: ಬ್ಲಾಕ್ ಮೇಲಿಂದ ಹಾರಲು ಅಂಜುವವರು ಕೊಳದ ಅಂಚಿನಿಂದಲೋ ನೀರಿನಲ್ಲಿದ್ದು ಗೋಡೆಯನ್ನು ತಳ್ಳಿಯೋ ಆರಂಭಿಸಬಹುದು, ಬಟರ್‌ಫ್ಲೈಯಲ್ಲಿ ಬ್ರೆಸ್ಟ್‌ಸ್ಟ್ರೋಕ್‌ನ ಒದೆತವನ್ನು ಬಳಸಬಹುದು. ಹಾರಲು ಬಾರದೆಂಬ ಒಂದೇ ಕಾರಣಕ್ಕೆ ಯಾರೂ ಸ್ಪರ್ಧೆ ಕಡಿಮೆ ಮಾಡಿಕೊಳ್ಳಬೇಕಾಗಿಲ್ಲ.

ಇಷ್ಟಾದ ಮೇಲೆ ಆಯ್ಕೆ ಆರಂಭವಾಗಬೇಕಾದದ್ದು ಒಂದು ಮುಖ್ಯ ಸ್ಪರ್ಧೆಯಿಂದ. ಈ ಕೂಟದಲ್ಲಿ ಯಾವ ಒಂದು ಸಮಯವನ್ನು ಉತ್ತಮಪಡಿಸಿಕೊಳ್ಳಬೇಕೆಂದು ತಿಂಗಳುಗಟ್ಟಲೆ ಈಜಿದ್ದೀರೋ ಅದನ್ನು ಮೊದಲು ಬರೆದುಕೊಳ್ಳಿ. ಅದಕ್ಕೂ ಮೊದಲು ಬರುವ ಸ್ಪರ್ಧೆಗಳಲ್ಲಿ ಒಂದು 50 ಮೀಟರ್ ಇದ್ದರೆ ಒಳ್ಳೆಯದೇ. ಅದು ಕೊಳದ ಪರಿಚಯ ಮಾಡಿಸುತ್ತದೆ, ಎದೆಬಡಿತದ ಮೊದಲ ಗಾಬರಿಯನ್ನು ಕಳೆಯುತ್ತದೆ. ಉಳಿದದ್ದೆಲ್ಲ ಮುಖ್ಯ ಸ್ಪರ್ಧೆಯ ನಂತರ ಬರಲಿ. ಮುಖ್ಯ ಸ್ಪರ್ಧೆ ಎಂಬುದೇ ಇಲ್ಲ, ಅನುಭವಕ್ಕಾಗಿ ಹೋಗುತ್ತಿದ್ದೇನೆ ಎನ್ನುವವರಿಗೆ ಎರಡು 50 ಮತ್ತು ಒಂದು 100 ಮೀಟರ್ ಎಂಬ ಜೋಡಣೆಗಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಒಂದೇ ಸ್ಪರ್ಧೆಗೆ ಹೋಗುವುದನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮೊದಲ ಈಜಿನಲ್ಲಿ ಕನ್ನಡಕ ಜಾರಬಹುದು, ಆರಂಭದ ಸದ್ದಿಗೆ ತಡವಾಗಿ ಹಾರಬಹುದು. ಅದೇ ದಿನ ಇನ್ನೊಂದು ಅವಕಾಶವಿದ್ದರೆ ಮನಸ್ಸು ಹಗುರವಾಗಿರುತ್ತದೆ.

ಕಾಗದದ ಮೇಲಿನ ಈ ಯೋಜನೆಯನ್ನು ಅರ್ಜಿ ಕಳಿಸುವ ಮೊದಲು ನೀರಿನಲ್ಲಿ ಪರೀಕ್ಷಿಸಬೇಕು. ಒಂದು ಭಾನುವಾರ ಬೆಳಿಗ್ಗೆ ನೀವು ಆಯ್ದುಕೊಂಡ ಸ್ಪರ್ಧೆಗಳನ್ನು ಅದೇ ಕ್ರಮದಲ್ಲಿ, ಲೆಕ್ಕ ಹಾಕಿದ ಅದೇ ಬಿಡುವಿನೊಂದಿಗೆ, ಪೂರ್ತಿ ಬಲದಿಂದ ಈಜಿ, ಜೊತೆಗಾರರೊಬ್ಬರಿಂದ ಸಮಯ ಹಿಡಿಸಿಕೊಳ್ಳಿ. ಬಿಡುವಿನಲ್ಲಿ ನೀರಿನಿಂದ ಹೊರಬಂದು ಕುಳಿತುಕೊಳ್ಳಿ, ಏಕೆಂದರೆ ಕೂಟದಲ್ಲಿಯೂ ಹಾಗೆಯೇ ಕಾಯಬೇಕಾಗುತ್ತದೆ. ಪ್ರತಿ ಸ್ಪರ್ಧೆಯನ್ನು ಬೇರೊಂದು ದಿನ ದಣಿವಿಲ್ಲದೆ ಈಜಿದಾಗಿನ ಸಮಯದೊಂದಿಗೆ ಹೋಲಿಸಿ ನೋಡಿ. ವ್ಯತ್ಯಾಸ ನೂರಕ್ಕೆ ನಾಲ್ಕರೊಳಗೆ ಇದ್ದರೆ ಆ ಸ್ಪರ್ಧೆ ಪಟ್ಟಿಯಲ್ಲಿ ಉಳಿಯಬಹುದು. ಉದಾಹರಣೆಗೆ 100 ಮೀಟರ್ ಫ್ರೀಸ್ಟೈಲ್ ಅನ್ನು ದಣಿವಿಲ್ಲದಾಗ 1 ನಿಮಿಷ 40 ಸೆಕೆಂಡ್‌ನಲ್ಲಿ ಈಜುವವರಿಗೆ ಮೂರನೆಯ ಸ್ಪರ್ಧೆಯಾಗಿ ಅದು 1 ನಿಮಿಷ 44 ಸೆಕೆಂಡ್ ಆದರೆ ಚಿಂತೆಯಿಲ್ಲ, 1 ನಿಮಿಷ 48 ಆದರೆ ಅದನ್ನು ಬಿಡುವುದೋ ಬೇರೆ ದಿನಕ್ಕೆ ಹಾಕುವುದೋ ಉತ್ತಮ. ಸಮಯಕ್ಕಿಂತಲೂ ಸೂಕ್ಷ್ಮವಾದ ಸೂಚನೆ ಸ್ಟ್ರೋಕ್‌ಗಳ ಎಣಿಕೆ. ಅದೇ ದೂರಕ್ಕೆ ಕೈಬೀಸುಗಳು ತೀರ ಹೆಚ್ಚುತ್ತಿದ್ದರೆ ನೀರನ್ನು ಹಿಡಿಯುವ ಶಕ್ತಿ ಕುಗ್ಗಿದೆ ಎಂದರ್ಥ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಕ್ಕಳ ಬೇಸಿಗೆ ಶಿಬಿರಗಳಿಂದ ಕೊಳಗಳು ತುಂಬಿರುವುದರಿಂದ, ಆ ದಿನಗಳಲ್ಲಿ ಈ ಪರೀಕ್ಷೆಗೆ ಮೊದಲ ಬ್ಯಾಚಿಗಿಂತ ಮುಂಚಿನ ಹೊತ್ತನ್ನು ಕೋಚ್ ಬಳಿ ಕೇಳಿಕೊಳ್ಳಬೇಕಾಗುತ್ತದೆ. ಅಭ್ಯಾಸ 25 ಮೀಟರ್ ಕೊಳದಲ್ಲಾಗಿ ಕೂಟ 50 ಮೀಟರ್ ಕೊಳದಲ್ಲಿದ್ದರೆ, ಗೋಡೆಯನ್ನು ತಳ್ಳಿ ಸಿಗುವ ವೇಗವೂ ತಿರುವಿನ ಕ್ಷಣದ ವಿರಾಮವೂ ಅರ್ಧಕ್ಕಿಂತ ಕೆಳಗೆ ಇಳಿಯುತ್ತವೆ ಎಂಬುದನ್ನು ನೆನಪಿಟ್ಟು ಅಂಕದ ಮೊತ್ತವನ್ನು ಒಂದು ಕಡಿಮೆ ಮಾಡಿ.

ಪ್ರಯಾಣದ ವಿಷಯ ನಮ್ಮ ಕಡೆಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ದೊಡ್ಡ ಕೂಟಗಳು ನಡೆಯುವುದು ಹೆಚ್ಚಾಗಿ ಬೆಂಗಳೂರಿನಲ್ಲಿ, ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಕೊಳಗಳಲ್ಲಿ; ಇಲ್ಲವೇ ಮಂಗಳೂರಿನ ಎಮ್ಮೆಕೆರೆಯಂಥ ಕಡೆ. ಬೆಂಗಳೂರಿಗೆ ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್, ದಾವಣಗೆರೆಯಿಂದ ಸುಮಾರು 260. “ಅಷ್ಟು ದೂರ ಹೊಂಟೀವಿ, ಇನ್ನೊಂದಕ್ಕೂ ಹೆಸರು ಕೊಟ್ಟುಬಿಡ್ರಿ” ಎಂಬ ಮಾತು ಪ್ರತಿ ಸಲ ಕೇಳಿಬರುತ್ತದೆ. ಪ್ರಯಾಣದ ಖರ್ಚಿಗೆ ತಕ್ಕಂತೆ ಈಜಬೇಕೆಂಬ ಈ ಆಸೆ ಸಹಜವೇ ಆದರೂ, ಬಸ್ಸಿನಲ್ಲಿ ಕಳೆದ ಗಂಟೆಗಳು ದೇಹದ ಶಕ್ತಿಯನ್ನು ಕಡಿಮೆ ಮಾಡುತ್ತವೆಯೇ ಹೊರತು ಹೆಚ್ಚಿಸುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಅರೆನಿದ್ದೆ ಮಾಡಿ, ನಸುಕಿಗೆ ಇಳಿದು, ಎಂಟು ಗಂಟೆಗೆ ಮೊದಲ ಸ್ಪರ್ಧೆ ಈಜುವವರು ಆ ದಿನದ ಮೊತ್ತದಿಂದ ಎರಡು ಅಂಕ ಕಳೆಯಲೇಬೇಕು. ಸಾಧ್ಯವಿದ್ದರೆ ಹಿಂದಿನ ದಿನ ಮಧ್ಯಾಹ್ನವೇ ಹೊರಟು, ಸಂಜೆ ಕೊಳವನ್ನೊಮ್ಮೆ ನೋಡಿ, ಹಾಸಿಗೆಯಲ್ಲಿ ಮಲಗಿ ಏಳುವುದು ಇನ್ನೊಂದು ಸ್ಪರ್ಧೆಯ ಶುಲ್ಕಕ್ಕಿಂತ ಹೆಚ್ಚು ಲಾಭ ತರುವ ಖರ್ಚು. ಚಳಿಗಾಲದ ಬೆಂಗಳೂರಿನಲ್ಲಿ ತೆರೆದ ಕೊಳದ ಬೆಳಗಿನ ನೀರು ನಮ್ಮ ಬಯಲುಸೀಮೆಯವರಿಗೆ ತಣ್ಣಗೆ ಕೊರೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರತಿ ಸ್ಪರ್ಧೆಯೆಂದರೆ ಇನ್ನೊಮ್ಮೆ ಒದ್ದೆಯಾಗಿ ಇನ್ನೊಮ್ಮೆ ನಡುಗುವುದು. ಎರಡನೆಯ ಒಣ ಟವೆಲ್, ಸ್ವೆಟರ್, ಕಾಲುಚೀಲ ಇಲ್ಲದೆ ಮೂರಕ್ಕಿಂತ ಹೆಚ್ಚು ಸ್ಪರ್ಧೆಗೆ ಹೋಗಬೇಡಿ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ಸ್ಪರ್ಧೆಗೆ ಎರಡು ಮೂರು ಗಂಟೆ ಮೊದಲು ಇಡ್ಲಿಯಂಥ ಹಗುರ ತಿಂಡಿ, ನಡುವೆ ಬಾಳೆಹಣ್ಣು, ಖರ್ಜೂರ, ಎಣ್ಣೆ ಖಾರ ಸೋಕಿಸದ ಒಣ ಮಂಡಕ್ಕಿ, ಆಗಾಗ ಗುಟುಕು ನೀರು ಇದ್ದರೆ ಸಾಕು. ಬೆಣ್ಣೆದೋಸೆಯೂ ಮೆಣಸಿನಕಾಯಿ ಬಜ್ಜಿಯೂ ಕೊನೆಯ ಸ್ಪರ್ಧೆಯ ನಂತರಕ್ಕೆ ಇರಲಿ; ಕೊಬ್ಬು ಹೊಟ್ಟೆಯಿಂದ ಕೆಳಗಿಳಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಐದು ಗಂಟೆಗೂ ಹೆಚ್ಚು ಹೊತ್ತು ಹರಡಿರುವ ಸ್ಪರ್ಧೆಗಳನ್ನು ಆರಿಸಿಕೊಂಡವರು ನಡುವೆ ಏನು, ಯಾವಾಗ ತಿನ್ನುತ್ತೇವೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಆರೋಗ್ಯದ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇರುವವರು ಹೆಸರು ಕೊಡುವ ಮೊದಲು ವೈದ್ಯರನ್ನು ಕಾಣಬೇಕು. ಕಾಣುವಾಗ “ಈಜುತ್ತೇನೆ” ಎಂದಷ್ಟೇ ಹೇಳದೆ, ಪೂರ್ತಿ ಬಲದಿಂದ, ಒಂದೇ ದಿನ ಇಷ್ಟು ಸಲ ಈಜುತ್ತೇನೆ ಎಂದು ಬಿಡಿಸಿ ಹೇಳಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಮೇಲಿಂದ ಮೇಲೆ ಈಜುವ ದಿನ ಸಕ್ಕರೆಯಂಶ ತೀರ ಕೆಳಗಿಳಿಯುವ ಅಪಾಯವಿದೆ. ಅವರು ಗ್ಲುಕೋಮೀಟರ್ ಜೊತೆಗೆ ಒಯ್ದು ಸ್ಪರ್ಧೆಗಳ ನಡುವೆ ನೋಡಿಕೊಳ್ಳಬೇಕು, ಮತ್ತು ತಾವು ನೋಡಿಕೊಳ್ಳುವಷ್ಟು ಬಿಡುವು ಸಿಗುವಂತೆ ಸ್ಪರ್ಧೆಗಳನ್ನು ಆರಿಸಬೇಕು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ವರ್ಗದ ಮಾತ್ರೆ ತೆಗೆದುಕೊಳ್ಳುವವರ ನಾಡಿ ಹೆಚ್ಚು ಏರುವುದಿಲ್ಲವಾದ್ದರಿಂದ ನಾಡಿ ನೋಡಿ ಚೇತರಿಕೆಯನ್ನು ಅಳೆಯುವುದು ಅವರಿಗೆ ಸರಿಹೋಗದು. ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಮಾತನಾಡಲು ಆಗುತ್ತದೆಯೇ ಎಂಬುದು ಎಲ್ಲರಿಗೂ ಒಪ್ಪುವ ಅಳತೆ. ಎದೆನೋವು, ತಲೆಸುತ್ತು, ಎದೆಬಡಿತದ ಲಯ ತಪ್ಪಿದಂತೆ ಅನಿಸುವುದು, ಇವುಗಳಲ್ಲಿ ಯಾವುದು ಕಂಡರೂ ಆ ದಿನದ ಉಳಿದ ಎಲ್ಲ ಸ್ಪರ್ಧೆಗಳನ್ನೂ ಬಿಟ್ಟು ಕೂಡಲೇ ಕೂಟದ ವೈದ್ಯರನ್ನು ಕಾಣಬೇಕು.

ರಿಲೇಯನ್ನು ಎಣಿಕೆಯಿಂದ ಹೊರಗಿಡುವ ಅಭ್ಯಾಸವೂ ಇದೆ. ಬೆಂಗಳೂರಿನ ದೊಡ್ಡ ಕ್ಲಬ್‌ಗಳಲ್ಲಿ ಬೇಕಾದಷ್ಟು ಜನರಿರುತ್ತಾರೆ. ನಮ್ಮ ಊರುಗಳಿಂದ ಹೋಗುವ ವಯಸ್ಕರ ತಂಡ ಬಹಳ ಚಿಕ್ಕದಾಗಿರುವುದರಿಂದ, ಹೋದವರೆಲ್ಲರೂ ಫ್ರೀಸ್ಟೈಲ್ ರಿಲೇಗೂ ಮೆಡ್ಲೆ ರಿಲೇಗೂ ಇಬ್ಬರು ಮಹಿಳೆಯರು, ಇಬ್ಬರು ಪುರುಷರು ಈಜುವ ಮಿಕ್ಸೆಡ್ ರಿಲೇಗೂ ಬೇಕಾಗುತ್ತಾರೆ. ಮಾಸ್ಟರ್ಸ್ ರಿಲೇಯಲ್ಲಿ ನಾಲ್ವರ ವಯಸ್ಸನ್ನು ಕೂಡಿಸಿ 120ರಿಂದ 159, 160ರಿಂದ 199 ಎಂಬಂತೆ ಗುಂಪು ಮಾಡುವುದರಿಂದ ತಂಡದ ಒಬ್ಬರು ಹಿಂದೆ ಸರಿದರೆ ಉಳಿದ ಮೂವರ ಅವಕಾಶವೂ ಹೋಗುತ್ತದೆ. ರಿಲೇಗಳು ಸಾಮಾನ್ಯವಾಗಿ ಅಧಿವೇಶನದ ಕೊನೆಯಲ್ಲಿ ಬರುತ್ತವೆ, ದಣಿವು ಹೆಚ್ಚಿರುವುದೂ ಆಗಲೇ. ಹೀಗಾಗಿ ವೈಯಕ್ತಿಕ ಸ್ಪರ್ಧೆಗಳನ್ನು ಆರಿಸುವ ಮೊದಲೇ ತಂಡದವರು ಸೇರಿ ಮಾತನಾಡಿಕೊಂಡು, ಪ್ರತಿ ರಿಲೇಗೂ ಒಂದು ಅಂಕ ತೆಗೆದಿರಿಸಿ, ಉಳಿದದ್ದರಲ್ಲಿ ತಮ್ಮ ತಮ್ಮ ಪಟ್ಟಿ ಮಾಡಿಕೊಳ್ಳಬೇಕು. ತಂಡಕ್ಕಾಗಿ ಒಂದು ವೈಯಕ್ತಿಕ ಸ್ಪರ್ಧೆಯನ್ನು ಬಿಟ್ಟವರು ಯಾರೂ ಅದಕ್ಕಾಗಿ ಪರಿತಪಿಸಿದ್ದನ್ನು ನಾನು ನೋಡಿಲ್ಲ.

ಕೂಟದ ದಿನ ಯೋಜನೆ ಬದಲಾಗಬಹುದು. ಭುಜ ಹಿಡಿದುಕೊಂಡಿದ್ದರೆ, ಅಥವಾ ಹಲವರು ಗೈರಾದ ಕಾರಣ ಹೀಟ್‌ಗಳು ಬೇಗ ಬೇಗ ಸಾಗಿ 40 ನಿಮಿಷದ ಅಂತರ 20ಕ್ಕೆ ಇಳಿದರೆ, ಒಂದು ಸ್ಪರ್ಧೆಯನ್ನು ಬಿಡುವುದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ. ಆದರೆ ಸುಮ್ಮನೆ ಮಾಯವಾಗದೆ, ಕರೆಯುವ ಮೇಜಿನ ಬಳಿ ಹೋಗಿ ಹೆಸರು ಹಿಂತೆಗೆದುಕೊಳ್ಳುವುದು ಮರ್ಯಾದೆ. ಗೈರಾದರೆ ದಂಡ ವಿಧಿಸುವ ಅಥವಾ ಮುಂದಿನ ಸ್ಪರ್ಧೆಯಿಂದಲೂ ಕೈಬಿಡುವ ನಿಯಮ ಆ ಕೂಟದಲ್ಲಿ ಇದೆಯೇ ಎಂದು ಸುತ್ತೋಲೆಯಲ್ಲಿ ಮೊದಲೇ ನೋಡಿಕೊಂಡಿರಿ. ಎರಡು ದಿನದ ಕೂಟದಲ್ಲಿ ಇಂಥ ನಿರ್ಧಾರವನ್ನು ಮೊದಲ ದಿನದ ರಾತ್ರಿ ಆಯಾಸದಲ್ಲಿ ಮಾಡದೆ, ಮರುದಿನ ವಾರ್ಮ್‌ಅಪ್‌ನಲ್ಲಿ ನಾಲ್ಕು ಉದ್ದ ನಿಧಾನವಾಗಿ ಈಜಿ ಭುಜ, ಸೊಂಟ, ಮೊಣಕಾಲುಗಳನ್ನು ವಿಚಾರಿಸಿಕೊಂಡ ಮೇಲೆ ಮಾಡಬೇಕು.

ಊರಿಗೆ ಮರಳಿದ ವಾರದೊಳಗೆ ಪ್ರತಿ ಸ್ಪರ್ಧೆಯ ಎದುರು ಮೂರು ಸಂಗತಿಗಳನ್ನು ಬರೆದಿಡಿ: ಅದು ಆ ದಿನದ ಎಷ್ಟನೆಯ ಈಜು, ಅದಕ್ಕೂ ಮೊದಲು ನಿಜವಾಗಿ ಸಿಕ್ಕ ಬಿಡುವು ಎಷ್ಟು ನಿಮಿಷ, ದಣಿವಿಲ್ಲದ ಸಮಯಕ್ಕಿಂತ ಎಷ್ಟು ವ್ಯತ್ಯಾಸ. ಮುಂದಿನ ಸುತ್ತೋಲೆ ಬಂದಾಗ ನಾನಿಲ್ಲಿ ಕೊಟ್ಟ ಅಂದಾಜುಗಳನ್ನು ಬದಿಗಿಟ್ಟು ಆ ಹಾಳೆಯಲ್ಲಿರುವ ನಿಮ್ಮ ಅಂಕಿಗಳನ್ನೇ ಬಳಸಿ. 100 ಮೀಟರ್ ನಂತರ ನಿಮಗೆ 30 ನಿಮಿಷವೇ ಸಾಕೆಂದು ಅದು ತೋರಿಸಿದರೆ ಒಂದು ಸ್ಪರ್ಧೆ ಹೆಚ್ಚಿಸಿಕೊಳ್ಳಿ. 50 ನಿಮಿಷ ಬೇಕೆಂದು ತೋರಿಸಿದರೆ ಒಂದನ್ನು ಕಡಿಮೆ ಮಾಡಿ.